ಎರಡನೇ ಚರಣದ ಉಸಿರು

ಹೊಲಿಗೆ ಅಂಗಡಿ,
ಶನಿವಾರ, ತಾರೀಖು ಹದಿನಾಲ್ಕು,
ಅಂಗಡಿ ಬಾಗಿಲು ಅರ್ಧ ಎಳೆದ ಮೇಲೆ

ಪ್ರೀತಿಯ ಚಿಂದಿಗೆ,

ಅಜ್ಜಿಯ ಆಶೀರ್ವಾದ. ‘ಪ್ರೀತಿಯ’ ಎಂದು ಬರೆದದ್ದು ಅಭ್ಯಾಸಬಲ. ಅದನ್ನು ಓದಿ ಹಿಗ್ಗಬೇಡ, ಮುಂದೆ ಬೈಗುಳವೇ ಇದೆ. ನಿನ್ನ ಗಂಟಲು ಹೇಗಿದೆ? ಹೋದ ಸಲ ನೀನು ಫೋನ್ ಮಾಡಿದಾಗ, ಅಂದರೆ ಎರಡು ತಿಂಗಳ ಹಿಂದೆ, ತಗಡು ಉಜ್ಜಿದ ಹಾಗಿತ್ತು. ಬಿಸಿನೀರು ಕುಡಿ. ನಿಮ್ಮ ಬ್ಯಾಂಡಿನ ಡ್ರಮ್ಮಿನವನು ತರುವ ಐಸ್ ಕ್ರೀಮು ಮುಟ್ಟಬೇಡ. ಕಾರ್ಯಕ್ರಮ ಮುಗಿದ ಮೇಲೆ ಬೆವರು ಆರುವ ತನಕ ಗಾಳಿಗೆ ನಿಲ್ಲಬೇಡ. ನನ್ನ ಆರೋಗ್ಯ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಲ ಮಂಡಿ ಹೋಗಿದೆ, ಎಡ ಮಂಡಿ ಅದರ ದಾರಿಯನ್ನೇ ಹಿಡಿದಿದೆ. ಮನೆಯ ಕಟ್ಟಡದ ಲಿಫ್ಟು ಕೆಟ್ಟು ಮೂರು ವಾರವಾಯಿತು. ನಾಲ್ಕು ಮಹಡಿ ದಿನಕ್ಕೆ ಎರಡು ಸಲ ಹತ್ತಿ ಇಳಿಯುತ್ತೇನೆ. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು, ಲಿಫ್ಟಿನವನಿಗೆ ನಾಲ್ಕು ಮಾತು ಬೈದು ಮೇಲೆ ಹೋಗುತ್ತೇನೆ. ನಿನ್ನಮ್ಮ ಚೆನ್ನಾಗಿದ್ದಾಳೆ. ಆಸ್ಪತ್ರೆಯಲ್ಲಿ ಹಗಲು ಪಾಳಿ ಸಿಕ್ಕಿದೆ, ಸ್ವಲ್ಪ ಮೈಕೈ ತುಂಬಿಕೊಂಡಿದ್ದಾಳೆ.

ಇನ್ನು ವಿಷಯಕ್ಕೆ ಬರುತ್ತೇನೆ. ಮಂಗಳವಾರ ನೀನು ರೇಡಿಯೋದಲ್ಲಿ ಮಾತಾಡಿದ್ದನ್ನು ಕೇಳಿದೆ. ಸೂಜಿಯ ಕೆಳಗೆ ಯಾರದೋ ಕೋಟಿನ ತೋಳು ಇತ್ತು. ಸಂದರ್ಶನ ಮಾಡುವಾಕೆ ಕೇಳಿದಳು, ನಿಮ್ಮ ಹಾಡಿನ ಎರಡನೇ ಚರಣದಲ್ಲಿ ಪದದ ಮಧ್ಯೆ ಎಳೆದುಕೊಳ್ಳುತ್ತೀರಲ್ಲ, ಆ ಉಸಿರು ಎಲ್ಲಿಂದ ಬಂತು ಎಂದು. ನೀನು ಒಂದಿಷ್ಟೂ ತಡವರಿಸಲಿಲ್ಲ. “ಅದು ಮಹಾರಾಣಿಯವ್ರದ್ದೇ. ಚಿಕ್ಕಂದಿನಿಂದ ಅವರ ಪ್ಲೇಟು ಕೇಳ್ಕೊಂಡೇ ಬೆಳೆದೆ. ನಮ್ಮನೇಲಿ ಹಾಡೋರು ಯಾರೂ ಇರ್ಲಿಲ್ಲ. ಅಜ್ಜಿ ಹೊಲಿಗೆ ಮಿಷನ್ ಸದ್ದು, ಅಷ್ಟೇ” ಎಂದೆ. ಹೇಳಿ ನಕ್ಕೆ ಬೇರೆ. ಕೋಟಿನ ತೋಳು ಸೊಟ್ಟಗೆ ಹೊಲಿದುಹೋಯಿತು, ಬಿಚ್ಚಿ ಮತ್ತೆ ಹೊಲಿಯಲು ಇಡೀ ಮಧ್ಯಾಹ್ನ ಹಿಡಿಯಿತು. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇನೇ? ಪಾಪ್ ಲೋಕವೆಲ್ಲ ಮಹಾರಾಣಿ ಎಂದು ತಲೆಯ ಮೇಲೆ ಹೊತ್ತು ಮೆರೆಸಿದ ಆ ಗಾಯಕಿಯ ಒಂದೇ ಒಂದು ಪ್ಲೇಟು ನಮ್ಮ ಮನೆಯಲ್ಲಿ ಇರಲಿಲ್ಲ. ಇರಲು ನಾನು ಬಿಟ್ಟಿರಲಿಲ್ಲ. ಯಾಕೆ ಎನ್ನುವುದನ್ನು ಹೇಳುವುದಕ್ಕೇ ಈ ಕಾಗದ.

ನೀನು ಯಾಕೆ ಸುಳ್ಳು ಹೇಳಿದೆ ಎನ್ನುವುದೂ ನನಗೆ ಗೊತ್ತು. ಜನರ ಬಾಯಿ ಮುಚ್ಚಿಸಲು. ಆ ಬಾಯಿಗಳು ಮೊದಲು ತೆರೆದದ್ದು ನನ್ನ ಕಿವಿಯ ಪಕ್ಕದಲ್ಲೇ. ನನ್ನ ಅಂಗಡಿಗೂ ಪಕ್ಕದ ಗ್ರಾಮಫೋನ್ ಪ್ಲೇಟಿನಂಗಡಿಗೂ ನಡುವೆ ಇರುವುದು ಹಲಗೆಯ ಗೋಡೆ, ಅಲ್ಲಿ ಸೀನಿದರೆ ಇಲ್ಲಿ ದಾರ ಅಲುಗುತ್ತದೆ. ಪ್ರತಿ ಶನಿವಾರ ಅಲ್ಲಿ ಹಾಡಿನ ಹುಚ್ಚರು ಸೇರುತ್ತಾರೆ. ಒಂದು ಕಡೆ ನಿವೃತ್ತ ಗಣಿತದ ಮೇಷ್ಟ್ರು, ಮಹಾರಾಣಿಯ ಪರಮ ಭಕ್ತರು. ವರ್ಷಕ್ಕೆ ಒಂದು ಬೆರಳಗಲ ಅವರ ಸೊಂಟ ಬೆಳೆಯುವುದು ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗುತ್ತದೆ, ಪ್ಯಾಂಟಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡುವವಳು ನಾನೇ. ಇನ್ನೊಂದು ಕಡೆ ಹಲ್ಲಿನ ಡಾಕ್ಟರು, ನಿಮ್ಮ ಬ್ಯಾಂಡಿನ ಪರ. “ಗಿಟಾರು ಆ ಮೂವರು ಅಣ್ತಮ್ಮಂದಿರ ಬ್ಯಾಂಡಿಂದು, ಡ್ರಮ್ಮು ಹಳೇ ಡಿಸ್ಕೋ ಜೋಡೀದು, ಗಂಟಲು ಮಹಾರಾಣೀದು. ಇವರದ್ದು ಅಂತ ಉಳಿದಿರೋದು ಹರಕಲು ಪ್ಯಾಂಟು ಮಾತ್ರ” ಎಂದು ಮೇಷ್ಟ್ರು. “ಯಾವ ಕಂಪನಿ ಹಂಗೂ ಇಲ್ದೆ ಗ್ಯಾರೇಜಲ್ಲಿ ತಾವೇ ರೆಕಾರ್ಡ್ ಮಾಡ್ಕೊಂಡೋರು ಸಾರ್. ರಾಕ್ ಸಂಗೀತಕ್ಕೂ ನಿಮ್ಮ ಪಾಪ್ ಸಂಗೀತಕ್ಕೂ ಎತ್ತಣಿಂದೆತ್ತ ಸಂಬಂಧ?” ಎಂದು ಡಾಕ್ಟರು. ಅಂದ ಹಾಗೆ ಆ ಹರಕಲು ಪ್ಯಾಂಟನ್ನು ಹದವಾಗಿ ಹರಿದು, ಹರಿದ ಅಂಚು ಪಿಸಿಯದಂತೆ ಒಳಗಿನಿಂದ ಹೊಲಿಗೆ ಹಾಕಿ ಕೊಟ್ಟವಳೂ ನಾನೇ. ಅದನ್ನೂ ನೀನು ಎಲ್ಲಿಯೂ ಹೇಳಿಲ್ಲ ಬಿಡು.

ಪ್ಲೇಟಿನಂಗಡಿಯವನು ಗಲ್ಲಾಪೆಟ್ಟಿಗೆಯ ಪಕ್ಕ ದಾರ ಕಟ್ಟಿ ಒಂದು ಅಭಿಪ್ರಾಯದ ಪುಸ್ತಕ ನೇತುಹಾಕಿದ್ದಾನೆ. ಬಂದವರು ಯಾವ ಹಾಡು ಹೇಗಿದೆ ಎಂದು ಅದರಲ್ಲಿ ಗೀಚುತ್ತಾರೆ, ಇವನು ಹಾಳೆಗಳ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕುತ್ತಾನೆ. ನಾಲ್ಕು ತಿಂಗಳ ಹಿಂದೆ ಅದರಲ್ಲಿ ಯಾರೋ ನೀಲಿ ಪೆನ್ಸಿಲಿನಲ್ಲಿ, ಹೆಸರು ಹಾಕದೆ ಬರೆದಿದ್ದರು: ‘ಎರಡನೇ ಚರಣದ ಉಸಿರು ಈ ಹುಡುಗಿಯದಲ್ಲ. ಕದ್ದದ್ದು. ಮಹಾರಾಣಿಯ ಹಳೆಯ ಪ್ಲೇಟು ಹಾಕಿ ನೋಡಿ.’ ಸರಿ, ಹಾಕಿದರು. ‘ಚಿಲಕ ಹಾಕಿಲ್ಲ, ಬರುವುದಾದರೆ ಬಾ’ ಎನ್ನುವ ಸಾಲು. ‘ಬರುವು’ ಎಂದು ಹಾಡಿ, ಒಂದು ಉಸಿರು ಎಳೆದುಕೊಂಡು, ಆಮೇಲೆ ‘ದಾದರೆ ಬಾ’. ಅದರ ಬೆನ್ನಿಗೇ ನಿಮ್ಮ ಹಾಡು ಹಾಕಿದರು. ಮಾತು ಬೇರೆ, ರಾಗದಲ್ಲಿ ಜಾಗ ಅದೇ, ಪದ ಮುರಿದು ಉಸಿರು ಎಳೆದುಕೊಳ್ಳುವುದೂ ಹಾಗೆಯೇ. ಮೇಷ್ಟ್ರು ಕೈಗಡಿಯಾರ ಹಿಡಿದು ಅಳೆದರಂತೆ. “ಸಿಕ್ಕಿಬಿದ್ಲು!” ಎಂದು ಅವರು ಕೂಗಿದ ಕೂಗಿಗೆ ನನ್ನ ಕೈಯಲ್ಲಿದ್ದ ಗುಂಡಿ ಡಬ್ಬಿ ಬಿತ್ತು. “ಉಸಿರು ಎಳ್ಕೊಂಡ್ರೆ ಕಳ್ತನಾನಾ? ಉಸಿರುಕಟ್ಟಿ ಸಾಯ್ಬೇಕಿತ್ತಾ ಸಾರ್?” ಎಂದು ಡಾಕ್ಟರು ಎಗರಿದರು. “ಪದದ ಹೊಟ್ಟೇಲಿ ಯಾರ್ರೀ ಉಸಿರು ತಗೋತಾರೆ? ಅದು ವಿರಹದ ನಿಟ್ಟುಸಿರು. ಲಕ್ಷಕ್ಕೊಬ್ರಿಗೆ ಬರೋದು” ಎಂದರು ಮೇಷ್ಟ್ರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ದವಡೆ ಹಲ್ಲು ನೋಯುತ್ತಿದ್ದರೂ ಮೇಷ್ಟ್ರು ಆ ಡಾಕ್ಟರ ಮುಂದೆ ಬಾಯಿ ತೆರೆಯುವುದಿಲ್ಲ. ಊರಿನ ಆಚೆ ತುದಿಗೆ ಬಸ್ಸಿನಲ್ಲಿ ಹೋಗಿ ಕೀಳಿಸಿಕೊಂಡು ಬಂದರು.

ಜಗಳ ಇಲ್ಲೇ ನಿಂತಿದ್ದರೆ ನಗಬಹುದಿತ್ತು. ನಿಲ್ಲಲಿಲ್ಲ. ಹೆಸರಿಲ್ಲದವರು ಬರೆದ ಎರಡು ಸಾಲನ್ನು ನಂಬಿ, ಕಂಡವರೆಲ್ಲ ನಿನ್ನನ್ನು ಕಳ್ಳಿ ಎಂದರು. ಎರಡು ಸಭಾಂಗಣದವರು ನಿಮ್ಮ ಕಾರ್ಯಕ್ರಮ ಬೇಡವೆಂದರು. ಬಸ್ ನಿಲ್ದಾಣದ ಗೋಡೆಯಲ್ಲಿ ನಿಮ್ಮ ಪೋಸ್ಟರಿನ ಮೇಲೆ, ಸರಿಯಾಗಿ ನಿನ್ನ ಹಣೆಗೆ, ಯಾರೋ ‘ಕಳ್ಳಿ’ ಎಂದು ಬರೆದಿದ್ದರು. ಬಟ್ಟೆಯ ಕಲೆ ತೆಗೆಯುವ ಔಷಧಿ ಒಯ್ದು, ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿರುವಂತೆ ಉಜ್ಜಿದೆ. ಅಕ್ಷರದ ಜೊತೆ ನಿನ್ನ ಅರ್ಧ ಹುಬ್ಬೂ ಹೋಯಿತು. ಈಗ ನೀನು ರೇಡಿಯೋದಲ್ಲಿ ಒಪ್ಪಿಕೊಂಡ ಮೇಲೆ ಮೇಷ್ಟ್ರ ಪಾಳೆಯಕ್ಕೆ ಶಾಂತಿಯಾಗಿದೆ. ಇಪ್ಪತ್ತೆಂಟಕ್ಕೆ ದೊಡ್ಡ ಸಭೆಯಂತೆ, ಎಂಬತ್ತು ತುಂಬಿದ ಮಹಾರಾಣಿ ನಿನ್ನ ತಲೆಯ ಮೇಲೆ ಕೈ ಇಡುತ್ತಾಳಂತೆ, ನೀನು ಸಾವಿರ ಜನರ ಮುಂದೆ ಇದೇ ಮಾತನ್ನು ಮತ್ತೆ ಹೇಳುತ್ತೀಯಂತೆ. ಹೇಳಕೂಡದು. ಅದನ್ನು ತಡೆಯುವುದಕ್ಕೇ ಐವತ್ತು ವರ್ಷ ನುಂಗಿಕೊಂಡಿದ್ದನ್ನು ಇವತ್ತು ಕಕ್ಕುತ್ತಿದ್ದೇನೆ.

ಆ ಪ್ಲೇಟಿನ ಮೊದಲ ಚರಣ ಮಹಾರಾಣಿಯದು. ಎರಡನೆಯದು ನನ್ನದು.

ಹೌದು, ಕಣ್ಣುಜ್ಜಿಕೊಂಡು ಇನ್ನೊಂದು ಸಲ ಓದು. ಮದುವೆಗೆ ಮೊದಲೂ ಆಮೇಲೂ ಕೆಲವು ವರ್ಷ ನಾನು ಹಿಂದಿನ ಸಾಲಿನಲ್ಲಿ ನಿಂತು ಕೋರಸ್ ಹಾಡುತ್ತಿದ್ದೆ. ಯಾರ ಗಂಟಲಿಗೆ ಬೇಕಾದರೂ ನನ್ನ ಗಂಟಲು ಹೊಂದಿಸುವುದು ನನ್ನ ಕಸುಬು. ಈಗ ಯಾರದೋ ಕೋಟಿಗೆ ಅದೇ ಬಣ್ಣದ ತೇಪೆ ಹಾಕುತ್ತೇನಲ್ಲ, ಆ ಕೆಲಸವೇ. ಆ ದಿನ ನಿನ್ನಮ್ಮನಿಗೆ ಜ್ವರ. ಎರಡು ವರ್ಷದ ಕೂಸು ಸೆರಗು ಬಿಡದೆ ಅಳುತ್ತಿತ್ತು. ಪಕ್ಕದ ಮನೆಯವರ ಕೈಗೆ ಕೊಟ್ಟು ಹೊರಡುವಷ್ಟರಲ್ಲಿ ಬಸ್ಸು ತಪ್ಪಿತು. ಓಡಿದೆ. ಸ್ಟುಡಿಯೋ ನಾಲ್ಕನೇ ಮಹಡಿಯಲ್ಲಿತ್ತು, ಲಿಫ್ಟಿಗೆ ‘ಕೆಟ್ಟಿದೆ’ ಎಂದು ಹಲಗೆ ತೂಗುಹಾಕಿದ್ದರು. ಅದನ್ನೂ ಓಡಿ ಹತ್ತಿದೆ. ಬಾಗಿಲು ತಳ್ಳಿದರೆ ಒಳಗೆ ಎಲ್ಲರ ಮುಖ ಸಪ್ಪೆ. ಹಿಂದಿನ ದಿನ ಒಂದು ಚರಣ ಹಾಡಿಟ್ಟ ಮಹಾರಾಣಿಗೆ ರಾತ್ರೋರಾತ್ರಿ ಗಂಟಲು ಕಟ್ಟಿತ್ತು. ಹೊರಗೆ ಬೇರೆ ವಾದ್ಯದವರು ತಮ್ಮ ಸರದಿಗೆ ಪೆಟ್ಟಿಗೆ ಹಿಡಿದು ನಿಂತಿದ್ದರು. ಸಂಗೀತ ನಿರ್ದೇಶಕರು ನನ್ನ ರಟ್ಟೆ ಹಿಡಿದು ಮೈಕಿನ ಮುಂದೆ ನಿಲ್ಲಿಸಿ, “ಎರಡನೇದು ನೀನು ಹಾಡು, ಅವಳ ಹಾಗೆ” ಎಂದರು. ಉಸಿರು ಕೂಡ ಹಿಡಿತಕ್ಕೆ ಬಂದಿರಲಿಲ್ಲ. ‘ಬರುವು’ ಎನ್ನುವಷ್ಟರಲ್ಲಿ ಎದೆ ಖಾಲಿ. ಎಳೆದುಕೊಂಡೆ, ಮುಂದೆ ಹಾಡಿದೆ. ಇನ್ನೊಂದು ಸಲ ಹಾಡುತ್ತೇನೆ ಎಂದು ಕೈಮುಗಿದೆ. “ಬಿಡಮ್ಮ, ಯಾರಿಗೆ ಗೊತ್ತಾಗುತ್ತೆ? ನೀನೂ ಯಾರಿಗೂ ಹೇಳ್ಬೇಡ, ಹೇಳಿದ್ರೆ ಇನ್ನು ಇಲ್ಲಿಗೆ ಬರೋದೇ ಬೇಡ” ಎಂದರು. ಮರುದಿನ ಮೆಟ್ಟಿಲಲ್ಲಿ ಎದುರಾದ ಮಹಾರಾಣಿ ಮುಖ ತಿರುಗಿಸಿಕೊಂಡು ಇಳಿದು ಹೋದಳು. ಹಾಡು ಮನೆಮಾತಾಯಿತು. ವೇದಿಕೆಯ ಮೇಲೆ ಅವಳು ಎರಡನೇ ಚರಣವನ್ನು ಯಾವತ್ತೂ ಹಾಡಿಲ್ಲ, ಮೊದಲನೆಯದನ್ನೇ ಎರಡು ಸಲ ಹಾಡುತ್ತಾಳೆ. ಒಮ್ಮೆ ಬಂದ ನಿಟ್ಟುಸಿರನ್ನು ಮತ್ತೆ ಮುಟ್ಟಬಾರದೆಂಬ ವಿನಯ ಅದು ಎಂದು ಮೇಷ್ಟ್ರು ಹೇಳುವಾಗ, ನಾನು ಬಾಯಲ್ಲಿದ್ದ ಗುಂಡುಪಿನ್ನು ನುಂಗುವುದರಲ್ಲಿದ್ದೆ. ವಿರಹವಂತೆ! ಮಗುವಿಗೆ ಜ್ವರ, ಬಸ್ಸು ತಪ್ಪಿದೆ, ಲಿಫ್ಟು ಕೆಟ್ಟಿದೆ, ಎಲ್ಲಿಯ ವಿರಹ?

ಕೋರಸ್ ಕೆಲಸ ನಿಂತಿತು, ಹೊಲಿಗೆ ಹಿಡಿದೆ. ಮಿಷನ್ ತುಳಿಯುವಾಗ ಆ ಸಾಲು ತಾನಾಗಿ ಬಾಯಿಗೆ ಬರುತ್ತಿತ್ತು, ಒಮ್ಮೆ ತಪ್ಪಾಗಿ ಹಾಡಿದ್ದು ಹಾಗೇ ಕೂತುಬಿಟ್ಟಿತ್ತು. ನೀನು ಮೇಜಿನ ಕೆಳಗೆ ಬಟ್ಟೆಯ ಚೂರುಗಳ ರಾಶಿಯಲ್ಲಿ ಮಲಗಿ ಕೇಳುತ್ತಿದ್ದೆ. ಚಿಂದಿ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಐದು ವರ್ಷದವಳಿದ್ದಾಗ ನೀನು ಅದನ್ನು ಹಾಡಿದೆ. ಅಲ್ಲಿ ಉಸಿರು ತಗೋಬೇಡ, ಅದು ತಪ್ಪು ಎಂದು ನಾನು ಗದರಿದೆ. “ನೀನು ಅಲ್ಲೇ ತಗೋತೀಯಲ್ಲಜ್ಜೀ!” ಎಂದು ನೀನು ಕಣ್ಣರಳಿಸಿ ಕೇಳಿದೆ. ಪ್ಲೇಟಿನ ವಿಷಯ ನಿನಗೆ ಗೊತ್ತಿರಲಿಲ್ಲ, ಒಪ್ಪಿದೆ, ನಾನು ಹೇಳಿರಲಿಲ್ಲ. ಆದರೆ ಆ ಸಾಲು ಯಾರ ಬಾಯಿಂದ ಕಲಿತೆ ಎನ್ನುವುದು ಗೊತ್ತಿತ್ತಲ್ಲ? ಅದನ್ನು ಹೇಗೆ ಮರೆತೆ? ಆಸ್ಪತ್ರೆಯ ಪಾಳಿಯಲ್ಲಿ ನಿನ್ನಮ್ಮ ಇರುತ್ತಿದ್ದ ಹೊತ್ತಿನಲ್ಲೆಲ್ಲ ನಿನಗೆ ಹಾಡಿ ಮಲಗಿಸಿದವಳು ಮಿಷನ್ನಲ್ಲ, ನಾನು. ಸಿಟ್ಟು ಬಂದಿದೆ ಎನ್ನುವುದು ಸುಳ್ಳು. ಅಳು ಬಂದಿದೆ.

ಹಾಗಾಗಿ ಇಪ್ಪತ್ತೆಂಟರಂದು ಅವಳ ಕಾಲಿಗೆ ಬೀಳಬೇಡ. ಅವಳ ಮಾನ ಕಳೆ ಎಂದೂ ನಾನು ಹೇಳುತ್ತಿಲ್ಲ, ಎಂಬತ್ತರ ಮುದುಕಿಯನ್ನು ಎಪ್ಪತ್ತಮೂರರ ಮುದುಕಿ ಬೀದಿಗೆಳೆದರೆ ನೋಡುವವರಿಗೆ ತಮಾಷೆ. ಪ್ಲೇಟಿನ ಕಥೆ ನಮ್ಮೊಳಗೇ ಇರಲಿ. ‘ಇದು ನಮ್ಮಜ್ಜಿ ಹಾಡುತ್ತಿದ್ದ ರೀತಿ’ ಎಂದು ಒಂದೇ ಒಂದು ಮಾತು ಹೇಳು, ಸಾಕು. ಅದು ಸುಳ್ಳೂ ಅಲ್ಲ, ಕಳ್ಳತನವೂ ಅಲ್ಲ. ಹೇಳಲು ನಾಚಿಕೆಯಾದರೆ ಮನೆಯ ಕಡೆ ತಲೆ ಹಾಕಬೇಡ.

ಡ್ರಮ್ಮಿನವನಿಗೆ ಕೂದಲು ಕತ್ತರಿಸಿಕೊಳ್ಳಲು ಹೇಳು. ಗಿಟಾರಿನ ಹುಡುಗಿಗೆ ನನ್ನ ನೆನಪು ಹೇಳು, ಅವಳ ಕೋಟಿನ ಜೇಬು ಹೊಲಿದಿಟ್ಟಿದ್ದೇನೆ. ಇಷ್ಟೆಲ್ಲ ಬೈದ ಮೇಲೂ ನಿನ್ನ ಗಂಟಲು ನೂರು ಕಾಲ ಚೆನ್ನಾಗಿರಲಿ.

ಇಂತಿ,
ಹೊಲಿಗೆ ಮಿಷನ್ ಸದ್ದು, ಅಷ್ಟೇ,
ನಿನ್ನ ಅಜ್ಜಿ

ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು. ಆ ನೀಲಿ ಪೆನ್ಸಿಲು ನನ್ನದು. ಬಟ್ಟೆಗೆ ಗುರುತು ಹಾಕುತ್ತೇನಲ್ಲ, ಅದೇ. ಸಂಗೀತ ಬಲ್ಲ ಯಾರೋ ವಿದ್ವಾಂಸರ ಅಕ್ಷರ ಎಂದು ಮೇಷ್ಟ್ರು ಇನ್ನೂ ಹುಡುಕುತ್ತಿದ್ದಾರೆ. ನಿಮ್ಮ ಪ್ಲೇಟು ಅಂಗಡಿಗೆ ಬಂದ ದಿನ ಹೆಮ್ಮೆಯಿಂದ ಹೋಗಿ ಕೈಗೆತ್ತಿಕೊಂಡೆ. ಹಿಂಬದಿಯಲ್ಲಿ ನೀವು ಯಾರಿಗೆಲ್ಲ ಋಣಿ ಎಂದು ಹಾಕಿದ್ದೀರಲ್ಲ, ಅದನ್ನು ಓದಿದೆ. ಗ್ಯಾರೇಜಿನ ಮಾಲೀಕನಿದ್ದಾನೆ, ಡ್ರಮ್ಮಿನವನ ನಾಯಿಯಿದೆ. ಕನ್ನಡಕ ಒರೆಸಿಕೊಂಡು ಎರಡು ಸಲ ಹುಡುಕಿದೆ, ನಾನಿಲ್ಲ. ಆಮೇಲೆ ಹಾಡು ಹಾಕಿದರು, ನನ್ನ ಉಸಿರು ಕೇಳಿಸಿತು. ಹೊಟ್ಟೆ ಉರಿದು ಬರೆದೆ. ಇಷ್ಟು ದೂರ ಹೋಗುತ್ತದೆ ಎಂದು ತಿಳಿದಿರಲಿಲ್ಲ. ತಿಳಿದ ಮೇಲೂ ನಾಲ್ಕು ತಿಂಗಳು ಸುಮ್ಮನಿದ್ದೆ, ಅದು ಇನ್ನೂ ದೊಡ್ಡ ತಪ್ಪು. ಮುಂದಿನ ಶನಿವಾರ ಅದೇ ಪೆನ್ಸಿಲಿನಲ್ಲಿ ಹೆಸರು ಹಾಕಿ, ಸುಳ್ಳು ಬರೆದವಳು ನಾನೇ ಎಂದು ಬರೆಯುತ್ತೇನೆ. ಅದಕ್ಕೆ ಮೊದಲು ಬಂದು ನನ್ನನ್ನು ಬಾಯಿ ತುಂಬ ಬೈದು ಹೋಗು. ಮೇಲೆ ತಲೆ ಹಾಕಬೇಡ ಎಂದದ್ದನ್ನು ಹೊಡೆದುಹಾಕಿಕೊಂಡು ಓದು. ಲಿಫ್ಟು ಅಷ್ಟರಲ್ಲಿ ಸರಿಯಾಗುವುದಿಲ್ಲ. ನಾಲ್ಕು ಮಹಡಿಯನ್ನೂ ಓಡಿ ಹತ್ತು, ಬಂದವಳೇ ನೀರು ಕುಡಿಯದೆ ಆ ಸಾಲು ಹಾಡು, ಉಸಿರು ಎಲ್ಲಿ ಕಡಿಯುತ್ತದೆ ಎಂದು ನಿನಗೇ ಗೊತ್ತಾಗುತ್ತದೆ. ಚಿಲಕ ಹಾಕಿರುವುದಿಲ್ಲ.