ನಲವತ್ತೆರಡನೆಯ ಶಿಖರ

ಓಬರ್‌ಗ್ರಾಬೆನ್, ಟಿರೋಲ್
೧೪ ಜೂನ್ ೧೯೮೫

ಮುದ್ದು ವಾಲ್ಲಿ,

ಹೇಗಿದ್ದೀಯ ಮಗಳೇ? ಹ್ಯಾಂಬರ್ಗ್‌ನ ಗಾಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ನನ್ನ ಎಡ ಮಂಡಿ ಇಳಿಯುವಾಗ ಗೊಣಗುತ್ತದೆ, ಏರುವಾಗ ಸುಮ್ಮನಿರುತ್ತದೆ. ಅದು ಬಿಟ್ಟರೆ ಗಟ್ಟಿಯಾಗಿದ್ದೇನೆ. ನಿನ್ನ ಅಮ್ಮ ಹೋಗಿ ಮೂರು ವರ್ಷವಾದರೂ ಸೂಪಿಗೆ ಎರಡು ತಟ್ಟೆ ಇಡುವ ಅಭ್ಯಾಸ ಹೋಗಿಲ್ಲ. ಈ ಮನೆಯಲ್ಲಿ ಒಬ್ಬನೇ ಇರುವುದು ಕಷ್ಟ, ವಾಲ್ಲಿ. ಹೇಳಬಾರದೆಂದುಕೊಂಡಿದ್ದೆ, ಹೇಳಿಬಿಟ್ಟೆ.

ಈಗ ಸುದ್ದಿ. ಪರ್ವತ ಸಂಘದವರು ಬೆಟ್ಟಸಾಲುಗಳ ವಿಂಗಡಣೆಯ ಹೊಸ ಪಟ್ಟಿ ಅಚ್ಚು ಹಾಕಿಸಿದ್ದಾರೆ. ನಿನಗೆ ಎಂಟು ವರ್ಷವಿದ್ದಾಗ ನಾವಿಬ್ಬರೂ ಹಳೆಯ ಪಟ್ಟಿ ಹಿಡಿದು ಹೊರಟಿದ್ದು ನೆನಪಿದೆಯಲ್ಲ? ನಮ್ಮ ಗ್ರಾಬ್‌ನರ್ ಸಾಲಿನ ನಲವತ್ತೊಂದು ಶಿಖರ, ವರ್ಷಕ್ಕೆ ಮೂರೋ ನಾಲ್ಕೋ. "ಮೊದಲು ಸೂಪು ಕುಡೀರಿ ಇಬ್ರೂ, ಬೆಟ್ಟ ಎಲ್ಲೂ ಓಡಿಹೋಗಲ್ಲ" ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಕೊನೆಯ ಶಿಖರದ ತುದಿಯಲ್ಲಿ ನೆಟ್ಟಿದ್ದ ಶಿಲುಬೆಗೆ ಒರಗಿ ಕೂತು ನೀನು, "ಅಷ್ಟೇನಾ ಅಪ್ಪಾ? ಮುಗೀತಾ?" ಎಂದಿದ್ದೆ. ನಾನು ದೊಡ್ಡ ಸಾಹಸಿಯಂತೆ "ಮುಗೀತು" ಎಂದೆ. ಆ ವರ್ಷವೇ ನೀನು ಹಡಗಿನವರ ಕಚೇರಿಗೆ ಸೇರಿದೆ. ಆಮೇಲೆ ಬಂದದ್ದು ಕ್ರಿಸ್‌ಮಸ್‌ಗೆ ಎರಡು ಸಲ, ಅಮ್ಮನನ್ನು ಮಣ್ಣು ಮಾಡಲು ಒಂದು ಸಲ.

ಆದರೆ ಮುಗಿದಿಲ್ಲವಂತೆ! ಎರಡು ಸಾಲುಗಳ ಗಡಿ ಅವುಗಳ ನಡುವಿನ ಅತಿ ತಗ್ಗಿನ ಕಣಿವೆದಾರಿಯ ಮೇಲೆ ಹೋಗಬೇಕೆಂಬುದು ನಿಯಮ. ರಾಬೆನ್‌ಕೋಗೆಲ್ ಬೆಟ್ಟದ ಪಶ್ಚಿಮದ ದಾರಿಯೇ ತಗ್ಗೆಂದು ಇಷ್ಟು ವರ್ಷ ನಂಬಿದ್ದರು. ಅಳೆದರೆ ಪೂರ್ವದ್ದು ಹನ್ನೊಂದು ಮೀಟರ್ ತಗ್ಗು. ಹಾಗಾಗಿ ರಾಬೆನ್‌ಕೋಗೆಲ್ ಪಕ್ಕದ ಸಾಲು ಬಿಟ್ಟು ನಮ್ಮದಕ್ಕೆ ಬಂದಿದೆ. ಬೆಟ್ಟ ಒಂದಂಗುಲ ಕದಲಿಲ್ಲ, ಮನೆ ಮಾತ್ರ ಬದಲಾಯಿತು. ಹಾಲಿನ ಡೇರಿಯ ಫೆರ್ಡಲ್, "ಪುಕ್ಕಟೆ ಬೆಟ್ಟ ಸಿಕ್ತಲ್ಲೋ ವಿನ್ಸೆನ್ಸ್, ಎಲ್ಲಿ ಕಟ್ಟಿ ಹಾಕ್ತೀಯ?" ಎಂದು ಕಾಲೆಳೆದ. ನಮ್ಮ ಪಟ್ಟಿಯಲ್ಲಿ ನಲವತ್ತೆರಡನೆಯ ಹೆಸರಿನ ಎದುರು ಹತ್ತಿದ ಗುರುತು ಇನ್ನೂ ಬಿದ್ದಿಲ್ಲ. ಆಗಸ್ಟ್‌ಗೆ ಹಿಮ ಕರಗಿರುತ್ತದೆ. ನಿನ್ನ ಹಳೆಯ ಬೂಟಿಗೆ ಎಣ್ಣೆ ಹಚ್ಚಿಟ್ಟಿದ್ದೇನೆ. ಬರುತ್ತೀಯಾ?

ಅಮ್ಮನ ಸಮಾಧಿಯ ಮೇಲೆ ನೆಟ್ಟ ಹೂಗಿಡ ಚಿಗುರಿದೆ. ದೇವರು ನಿನ್ನನ್ನು ಆ ಚಪ್ಪಟೆ ಊರಿನಲ್ಲೂ ಕಾಯಲಿ.

ನಿನ್ನ ಅಪ್ಪ,
ವಿನ್ಸೆನ್ಸ್

ಮತ್ತೊಂದು ಮಾತು, ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ನಾನು ಹೇಳದಿದ್ದರೆ ಫೆರ್ಡಲ್ ಹೇಳಿಬಿಡುತ್ತಾನೆ. ಗಡಿ ತಪ್ಪಿದೆಯೆಂದು ಸಂಘಕ್ಕೆ ಬರೆದವನು ನಾನೇ. ಎರಡು ಬೇಸಿಗೆ ಅಳತೆಯ ಸಾಮಾನು ಹೊತ್ತು ಒಂಬತ್ತು ಸಲ ಮೇಲೆ ಹೋಗಿಬಂದೆ. ಅಳತೆ ಸುಳ್ಳಲ್ಲ, ವಾಲ್ಲಿ. ಆದರೆ ನಿನ್ನನ್ನು ಕರೆಯಲು ಬೇರೆ ಕಾರಣ ಹೊಳೆಯಲಿಲ್ಲ. ಕಣಿವೆದಾರಿಯಿಂದ ಶಿಖರ ಬರೀ ಅರ್ಧ ಗಂಟೆಯ ದಾರಿ. ಒಂದು ಸಲವೂ ಹತ್ತಲಿಲ್ಲ.