ಕರಿಹೊಲದ ತಿರುವಿನ ಮೋರಿ

ಡಾಂಬರು ತೀರಿದ ಅರವತ್ತೆರಡನೆಯ ವರ್ಷ, ಎರಡನೆಯ ಮಳೆಗಾಲ ಮುಗಿದ ಐದನೆಯ ದಿನ

ನಿಮಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಸುಮಾರು ನೂರಾ ಅರವತ್ತು ವರ್ಷ ಆಚೆಯ ಮಾತು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮೆ ಇರಲಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಎರೆಭೂಮಿಯ ನಡುವೆ, ಕರಿಹೊಲದ ತಿರುವಿನಲ್ಲಿ ರಸ್ತೆ ಅಗಲ ಮಾಡುವಾಗ, ಹಳೆಯ ಕಲ್ಲುಮೋರಿಯ ಬಾಯಿಗೆ ಸಿಮೆಂಟ್ ಚೀಲ ತುರುಕಿ ಅದರ ಮೇಲೆ ಡಾಂಬರು ಹಾಕಿದವರು ನೀವು. ಅಷ್ಟು ಮಾತ್ರ ಗೊತ್ತು.

ನಾನು ಸಾಂವಕ್ಕ, ದಾರಿಗಿತ್ತಿ. ಸೂಲಗಿತ್ತಿ ಎಂಬ ಹಳೆಯ ಮಾತನ್ನು ನೋಡಿಕೊಂಡು ಯಾರೋ ಕಟ್ಟಿದ ಹೆಸರು ಇದು. ರಸ್ತೆಯ ಕಾಯಿಲೆ ಗುರುತಿಸಿ ರಿಪೇರಿ ಮಾಡುವವರು ನಾವು. ಹೊಸ ಡಾಂಬರು ಈಗ ಎಲ್ಲಿಯೂ ಹುಟ್ಟುವುದಿಲ್ಲ. ಯಾರೂ ಓಡಾಡದ ನಿಮ್ಮ ಹೆದ್ದಾರಿಗಳನ್ನು ಸುಲಿದು, ಆ ಹೆಂಟೆಗಳನ್ನು ಕಾಯಿಸಿ ಮತ್ತೆ ಬಳಸುತ್ತೇವೆ. ಅದಕ್ಕೆ ಮರುಕಪ್ಪು ಎನ್ನುತ್ತೇವೆ. ಹರಳೆಣ್ಣೆ ಬೆರೆಸದಿದ್ದರೆ ಅದು ಚಕ್ಕುಲಿಯಂತೆ ಮುರಿಯುತ್ತದೆ. ಕುದಿಸುವ ದಿನ ಕಣ್ಣು ಉರಿಯುತ್ತದೆ, ಅನ್ನಕ್ಕೂ ಅದೇ ವಾಸನೆ ಹತ್ತುತ್ತದೆ. ಈ ಕೆಲಸಕ್ಕೆ ಬಂದು ನಲವತ್ತು ವರ್ಷವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಬರುವುದಿಲ್ಲ, ಬಿಸಿನೀರಿನಲ್ಲಿ ಅದ್ದಿಕೊಂಡು ಕೂರಬೇಕು.

ನಮ್ಮ ಪರೀಕ್ಷೆ ಎಂದರೆ ಬರಿಗಾಲಲ್ಲಿ ನಡೆಯುವುದು. ಅಂಚಿನುದ್ದಕ್ಕೂ ಒಂದೇ ಬಿರುಕು ಹರಿದಿದ್ದರೆ ಪಕ್ಕದ ಮಣ್ಣು ಜಾರಿದೆ ಎಂದು ತಿಳಿಯುತ್ತೇವೆ. ಮಣ್ಣು ಕಟ್ಟಿ, ಬಿರುಕಿನ ಧೂಳನ್ನೆಲ್ಲ ಊದಿ ತೆಗೆದು, ಕಾದ ಮರುಕಪ್ಪು ಸುರಿದರೆ ನಿಲ್ಲುತ್ತದೆ. ಬೇಸಿಗೆಯಲ್ಲಿ ರಸ್ತೆ ಬೆವರಿ ಕಾಲಿಗೆ ಅಂಟಿದರೆ ಕಲ್ಲುಪುಡಿ ಎರಚಿ ತುಳಿಸುತ್ತೇವೆ. ಆದರೆ ಸಣ್ಣ ಬಿರುಕುಗಳು ಬಲೆಯ ಹಾಗೆ ಒಂದಕ್ಕೊಂದು ಕೂಡಿಕೊಂಡಿದ್ದರೆ ಅದು ಮೊಸಳೆಬೆನ್ನು. ಅದರ ಕಾಯಿಲೆ ಮೇಲಿಲ್ಲ, ಬುಡದಲ್ಲಿದೆ. ಮೇಲೆ ಎಷ್ಟು ಸವರಿದರೂ ವ್ಯರ್ಥ. ಗುಂಡಿಯಾದರೆ ಗಟ್ಟಿ ನೆಲ ಸಿಗುವ ತನಕ ಚೌಕಾಕಾರವಾಗಿ ಕತ್ತರಿಸಬೇಕು. ಪೂರ್ತಿ ಒಣಗಿಸಬೇಕು. ಗೋಡೆಗಳಿಗೆ ಬಿಸಿ ಮರುಕಪ್ಪು ಬಳಿದು, ತೆಳುವಾಗಿ ಒಂದೊಂದೇ ಪದರ ತುಂಬಿ, ಪ್ರತಿ ಪದರಕ್ಕೂ ದಮ್ಮಸು ಹೊಡೆಯಬೇಕು. ನಿಮ್ಮವರಿಗೂ ಇದೆಲ್ಲ ಗೊತ್ತಿತ್ತು ಎಂದು ಹಳೆಯ ಕಡತಗಳಲ್ಲಿ ಓದಿದ್ದೇನೆ. ಆದರೂ ನಿಮ್ಮ ಕಾಲದ ಗುಂಡಿಗಳನ್ನು ಬಗೆದಾಗ ಸಿಗುವುದು ಕೆಸರಿನ ಮೇಲೆ ಸುರಿದ ಜಲ್ಲಿ. ಬಯ್ಯುವ ತ್ರಾಣವೂ ಈಗ ಇಲ್ಲ.

ತುಂಬಿದ ಮೇಲೆ ದಾರಿಗಿತ್ತಿ ತನ್ನ ಸೊಂಟದ ಹಿತ್ತಾಳೆಯ ಬಿಲ್ಲೆಯನ್ನು ಬಿಸಿ ಡಾಂಬರಿಗೆ ಒತ್ತಿ ಗುರುತು ಮೂಡಿಸುತ್ತಾಳೆ. ಯಾರ ಕೆಲಸ ಎಂದು ಎಲ್ಲರಿಗೂ ತಿಳಿಯಲಿ ಎಂದು ಈ ಪದ್ಧತಿ. ಒಂದೇ ಜಾಗದಲ್ಲಿ ಮೂರು ಸಲ ರಿಪೇರಿ ಕಿತ್ತುಬಂದರೆ ದಾರಿಸಭೆ ಸೇರುತ್ತದೆ. ತಪ್ಪು ಆಕೆಯದೇ ಎಂದಾದರೆ ರಸ್ತೆಯ ಮೇಲಿನ ಗುರುತಿಗೆ ಉಳಿಯಿಂದ ಅಡ್ಡಗೀರು ಹೊಡೆಯುತ್ತಾರೆ, ಬಿಲ್ಲೆ ಕಸಿದುಕೊಳ್ಳುತ್ತಾರೆ. ಆಮೇಲೆ ಆಕೆ ಜಲ್ಲಿ ಹೊರಬಹುದು, ಸಲಕರಣೆ ಮುಟ್ಟುವ ಹಾಗಿಲ್ಲ.

ನನ್ನ ಅವ್ವ ಫಕೀರವ್ವನಿಗೆ ಹಾಗಾಯಿತು. ಕರಿಹೊಲದ ತಿರುವಿನ ಗುಂಡಿಯನ್ನು ಅವಳು ಮೂರು ಸಲ ತುಂಬಿದಳು, ಮೂರು ಸಲವೂ ಎದ್ದುಬಂತು. ನೀರು ಕೆಳಗಿನಿಂದ ಬರುತ್ತಿದೆ ಎಂದು ಸಭೆಯಲ್ಲಿ ಹೇಳಿದಳು. ಯಾರೂ ನಂಬಲಿಲ್ಲ. ಮನೆಯವರ ಸಾಕ್ಷಿ ಕೇಳಿದರು. ನನಗಾಗ ಹದಿನಾರು. ಮೂರನೆಯ ಸಲ ತುಂಬುವಾಗ ಪಕ್ಕದಲ್ಲಿದ್ದೆ, ತಳದಲ್ಲಿ ಪಸೆ ಕಂಡಿದ್ದೆ. ಎದ್ದು ನಿಂತು, ಅವ್ವ ಒಣಗಿಸದೆ ತುಂಬಿದಳು ಎಂದು ಹೇಳಿದೆ. ಸತ್ಯ ಹೇಳಿದೆ ಎಂಬ ಜಂಬ ಬೇರೆ. ಅವಳು ನನ್ನತ್ತ ಒಮ್ಮೆ ನೋಡಿದಳು, ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ಮುಂದೆ ನಾನು ದಾರಿಗಿತ್ತಿಯಾದ ಮೇಲೆ ಹನ್ನೊಂದು ವರ್ಷ ನನ್ನ ಕೈಕೆಳಗೇ ಜಲ್ಲಿ ಹೊತ್ತಳು. ಆ ವಿಷಯವನ್ನು ಒಂದು ಸಲವೂ ಎತ್ತಲಿಲ್ಲ.

ಆ ತಿರುವು ಮೂರು ವರ್ಷದ ಹಿಂದೆ ನನ್ನ ಪಾಲಿಗೆ ಬಂತು. ನಾನು ಒಣಗಿಸಿಯೇ ತುಂಬಿದೆ, ಎರಡು ಸಲ. ಎರಡೂ ಸಲ ಮೊಸಳೆಬೆನ್ನು ಬಿದ್ದು ಕಿತ್ತುಬಂತು. ಮೂರನೆಯ ಸಲ ತುಂಬುವ ಧೈರ್ಯವಾಗದೆ ಬಗೆಯಲು ಕೂತೆ. ನನ್ನ ಪದರಗಳ ಕೆಳಗೆ ಬೇರೆಯವರದು ಇತ್ತು, ಅದರ ಕೆಳಗೆ ಅಡ್ಡಗೀರು ಬಿದ್ದ ಅವ್ವನ ಗುರುತು. ಅವಳು ಕತ್ತರಿಸಿದ ಗೋಡೆಗಳು ಈಗಲೂ ನೆಟ್ಟಗಿದ್ದವು. ಜಲ್ಲಿ ಎಷ್ಟು ಬಿಗಿಯಾಗಿತ್ತೆಂದರೆ ಹಾರೆ ಪುಟಿಯಿತು. ಅಂಥ ಕೈಕೆಲಸ ನನಗೆ ಇಂದಿಗೂ ಬಂದಿಲ್ಲ. ಅದರ ಅಡಿಯಲ್ಲಿ ನಿಮ್ಮ ಕಾಲದ ನಾಲ್ಕು ಪದರ, ಅದರಡಿಯಲ್ಲಿ ಮೋರಿಯ ಬಾಯಿ, ಬಾಯಿಯಲ್ಲಿ ಚೀಲ. ಪ್ಲಾಸ್ಟಿಕ್ಕಿನದಾದ್ದರಿಂದ ಕೊಳೆತಿರಲಿಲ್ಲ. ಅದರ ಮೇಲೆ ಜೂನ್ ಎಂಬ ತಿಂಗಳು ಓದಲು ಬಂತು, ವರ್ಷ ಅಳಿಸಿತ್ತು. ಎಳೆದ ಕೂಡಲೇ ಹಿಂದೆ ನಿಂತಿದ್ದ ನೀರು ಮೊಳಕಾಲ ತನಕ ನುಗ್ಗಿತು. ದಾರಿ ಸಿಗದೆ ಇಷ್ಟು ವರ್ಷ ಅದು ಮೇಲಕ್ಕೆ ಏರುತ್ತಿತ್ತು, ಎರೆಮಣ್ಣು ಉಬ್ಬುತ್ತಿತ್ತು. ಎಷ್ಟು ಒಣಗಿಸಿದರೂ ಗಳಿಗೆಯೊಳಗೆ ಪಸೆಯಾಗುತ್ತಿತ್ತು. ಆ ಪಸೆಯನ್ನೇ ನಾನು ನೋಡಿದ್ದು.

ಚೀಲ ತೊಳೆದು ಅವ್ವನ ಬಳಿಗೆ ಒಯ್ದೆ. ಅವಳಿಗೀಗ ಎಂಬತ್ತಮೂರು. ಕಣ್ಣು ಮಂಜು, ಕೈಯಿಂದಲೇ ಬಹಳ ಹೊತ್ತು ಸವರಿ ನೋಡಿದಳು. ನಾನು ಅಳುತ್ತಿದ್ದೆ. “ಸಣ್ಣಾಕಿ ಇದ್ದಿ ನೀ. ಕಂಡದ್ದ ಹೇಳಿದಿ, ಬಿಡು,” ಎಂದಳು. ಚೀಲ ಮಡಚಿ ನನ್ನ ಕೈಗಿಡುತ್ತ, “ಇದನ್ನ ತುರುಕಿದಾವಗ ಒಂದ್ ಕಾಗದ ಬರಿ. ಬಯ್ಯಬ್ಯಾಡ. ಮಳಿ ಬಂದಿತ್ತೇನೋ, ಹಸಿವಿ ಆಗಿತ್ತೇನೋ ಅವಗ,” ಎಂದಳು. ಬಿಲ್ಲೆ ವಾಪಸು ಕೊಡಿಸುತ್ತೇನೆ ಎಂದರೆ, ಹಿಡಿಯಲು ಬೆರಳಲ್ಲಿ ಬಲವೇ ಇಲ್ಲ ಎಂದು ನಕ್ಕುಬಿಟ್ಟಳು.

ಅದಕ್ಕೇ ಬರೆಯುತ್ತಿದ್ದೇನೆ. ಬಯ್ಯುವುದಿಲ್ಲ. ಜೂನ್ ತಿಂಗಳು, ಮೋಡ ಕಟ್ಟಿದೆ, ರೋಲರಿನವನು ಅವಸರ ಮಾಡುತ್ತಿದ್ದಾನೆ, ನಿಮ್ಮ ಬುತ್ತಿ ಇನ್ನೂ ಬಿಚ್ಚಿಲ್ಲ. ಎಲ್ಲ ಅರ್ಥವಾಗುತ್ತದೆ. ಒಂದೇ ಕೋರಿಕೆ. ಬಗ್ಗಿ, ಮೊಳಕೈ ತನಕ ಕೈ ಹಾಕಿ, ಆ ಚೀಲ ಎಳೆದುಬಿಡಿ. ಮೋರಿಯನ್ನು ಅಗಲವಾದ ರಸ್ತೆಯ ಹೊಸ ಅಂಚಿನ ತನಕ ಉದ್ದ ಮಾಡಲು ನಾಲ್ಕು ಚಪ್ಪಡಿ ಸಾಕು.

ನೀವು ಹಾಗೆ ಮಾಡಿದರೆ ಈ ಕಾಗದ ನಿಮಗೆ ಬರುವುದೇ ಇಲ್ಲ, ಬರೆಯಲು ಕಾರಣ ಇರುವುದಿಲ್ಲ. ಬರದಿದ್ದರೂ ಚಿಂತೆಯಿಲ್ಲ. ಅವ್ವನ ಬಿಲ್ಲೆ ಅವಳ ಸೊಂಟದಲ್ಲೇ ಇರುತ್ತದೆ. ಹದಿನಾರರ ನಾನು ಆ ಸಭೆಯಲ್ಲಿ ಎದ್ದು ನಿಲ್ಲುವುದಿಲ್ಲ.

ಇಂತಿ,
ಫಕೀರವ್ವನ ಮಗಳು ಸಾಂವಕ್ಕ