ಹೆಸರಲ್ಲೇ ಕರೆಂಟ್

ಮಾರ್ಚ್ 3, ಸೋಮವಾರ

ಮೀನು ಕಮ್ಮಿ. ಇದ್ದದ್ದಕ್ಕೂ ಚೌಕಾಸಿ ಮಾಡಿ ಜೀವ ತಿಂದರು. ಮನೆಗೆ ಬಂದರೆ ಮೋಟಾರ್ ಆಗಲೇ ಕರೆಂಟ್ ಸ್ಟೇಷನ್ನಿಗೆ ಹೊರಟು ಹೋಗಿದ್ದ, ತಿಂದ ತಟ್ಟೆ ಅಲ್ಲೇ. ದ್ವೀಪದ ಡೀಸೆಲ್ ಎಂಜಿನ್ ನೋಡಿಕೊಂಡೇ ತಲೆ ನರೆಸಿಕೊಂಡವನು, ಊರೆಲ್ಲ ಮೋಟಾರ್ ಅಂತಲೇ ಕರೆಯುವುದು. ನಾನೂ. ಪಾದ್ರಿಯ ಮುಂದೆ ನಿಂತು ಕೂಡಿಕೊಂಡವರಲ್ಲ ನಾವು, ಕಾಗದದ ಹೆಸರಿನ ಗೊಡವೆ ಬೀಳಲಿಲ್ಲ. ಈ ಮಾಯೊ ದ್ವೀಪದಲ್ಲಿ ಯಾರ ಕಾಗದದ ಹೆಸರು ಯಾರಿಗೆ ಗೊತ್ತು.

ತಿಂಗಳ ಕೊನೆಗೆ ಎಂಜಿನ್ ಬಂದ್. ಇನ್ನು ಬಿಸಿಲು, ಗಾಳಿಯ ಕರೆಂಟ್. ದೇಶಕ್ಕೇ ಡೀಸೆಲ್ ಬಿಡಿಸುತ್ತಾರಂತೆ, ಕುಡುಕನಿಗೆ ಬಿಡಿಸಿದ ಹಾಗೆ. ಹೊಸ ಕಂಪನಿಯಲ್ಲಿ ನಮ್ಮ ದ್ವೀಪಕ್ಕೆ ಒಂದೇ ಕೆಲಸ. ಮೋಟಾರ್ ಅರ್ಜಿ ಹಾಕಿದ್ದಾನೆ, ರಾಜಧಾನಿ ಪ್ರಾಯಾದಿಂದ ಬಂದವರಿಗೆ ಗುರುತಿನ ಚೀಟಿ ಕೊಟ್ಟು, ಅವರ ಕೈಲೇ ಬರೆಸಿ. ಅದೊಂದು ಸಿಕ್ಕರೆ ಸಾಕು... ಈ ವಯಸ್ಸಿನಲ್ಲಿ, ಅರ್ಧ ಹೋದ ಕಿವಿ ಇಟ್ಟುಕೊಂಡವನನ್ನು ಇನ್ನು ಯಾರು ಕರೆಯುತ್ತಾರೆ.

ಮಾರ್ಚ್ 12

ರೇಡಿಯೋದಲ್ಲಿ ಹೇಳಿಬಿಟ್ಟರು. ಎಣ್ಣೆ ತರಲು ಮುದುಕಿ ನ್ಯಾ ಬೆಬಾಳ ಅಂಗಡಿಯಲ್ಲಿ ನಿಂತಿದ್ದೆ. ಕೆಲಸ ಅನಾಕ್ಲೇತು ದ ಲೂಜ್‌ಗೆ. ಶುಕ್ರವಾರದ ಹಡಗಿಗೆ ಬಂದರಿನಲ್ಲಿರಬೇಕು, ಪ್ರಾಯಾದಲ್ಲಿ ತರಬೇತಿ, ಬಾರದಿದ್ದರೆ ಬೇರೆಯವರಿಗೆ. ಕಿವುಡರಿಗೂ ಕೇಳಲಿ ಅಂತ ಮೂರು ಸಲ.

ಯಾರಿವನು? ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

"ಯಾವನೋ ಮಂತ್ರಿ ಅಳಿಯ ಇರ್ಬೇಕು ಕಣೇ" ಅಂದಳು ಮುದುಕಿ.

"ಲೂಜ್ ಅಂದ್ರೆ ಬೆಳಕಲ್ವಾ ನ್ಯಾ ಬೆಬಾ. ಹೆಸರಲ್ಲೇ ಕರೆಂಟ್ ಇಟ್ಕೊಂಡು ಹುಟ್ಟಿದಾನೆ. ಅವನನ್ನ ಬಿಟ್ಟು ನಮ್ಮ ಮೋಟಾರ್‌ಗೆ ಕೊಡ್ತಾರಾ?" ಅಂದೆ.

ಎಲ್ಲ ನಕ್ಕರು. ನಾನೂ. ಅವನ ಹಡಗು ಮುಳುಗಲಿ ಅಂದುಕೊಂಡೆ.

ಮೋಟಾರ್ ಫೋನ್ ಇಟ್ಟುಕೊಂಡವನಲ್ಲ. ರೇಡಿಯೋ ಅಂತೂ ಆ ಎಂಜಿನ್ ಸದ್ದಿನಲ್ಲಿ ಕೇಳಿದ ಹಾಗೇ. ಮನೆಗೆ ಬಂದ ಮೇಲೆ ಕೆಲಸ ಬೇರೆಯವರ ಪಾಲಾಯಿತು ಅಂತಷ್ಟೇ ಹೇಳಿದೆ. ಯಾರಿಗೆ ಅಂತ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ — ಆ ಹೆಸರು ಬಾಯಿಗೆ ಬಂದರೆ ಉಗಿಯಬೇಕು ಅನ್ನಿಸುತ್ತಿತ್ತು.

ಮಾರ್ಚ್ 14

ಹಡಗು ಹೋಯಿತು. ಬಂದರಿನಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದೆ, ಆ ಮಹಾರಾಯನ ಮುಖ ನೋಡೋಣ ಅಂತ. ಬರಲೇ ಇಲ್ಲ. ಕಂಪನಿಯ ಹುಡುಗಿ ಕೊನೆಯ ಸೈರನ್ ತನಕ ಕಾದಳು, ಪಾಪ. ಕೊಬ್ಬು ನೋಡು. ಕೈಗೆ ಬಂದ ಕೆಲಸ ಬೇಡವಂತೆ ದೊರೆಗೆ.

ಮಾರ್ಚ್ 31

ಎಂಜಿನ್ ನಿಲ್ಲಿಸಿದರು. ಬ್ಯಾಂಡು, ಭಾಷಣ, ಬಿಳಿ ಅಂಗಿಗಳು. ಮೋಟಾರ್ ಹೋಗಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದ. ಕಿಟಕಿಯ ನಡುಕ ನಿಂತದ್ದೇ ಎದ್ದು ಕೂತ.

"ಇನ್ನು ನನ್ನ ಏನಂತ ಕರೀತಾರೆ?" ಅಂದ.

ಕಾಚೂಪಾ ಬಿಸಿ ಮಾಡಿ ಕೊಟ್ಟೆ. ಜೋಳದ ಒಂದು ಕಾಳೂ ಮುಟ್ಟಲಿಲ್ಲ.

ಮೇ 19

ಹೊಸ ಮೀಟರ್ ಹಾಕಲು ಬಂದವನು ಪ್ರಾಯಾದವನು. ಆ ಕೆಲಸ ಕೊನೆಗೆ ಇವನಿಗೇ ಸಿಕ್ಕಿತಂತೆ. ಯಾರೋ ಬರಲಿಲ್ಲ, ನನ್ನ ಪುಣ್ಯ ಅಂತ ನಕ್ಕ. ನಾನು ಬಾಗಿಲಲ್ಲಿ ಮೀನು ಸೀಳುತ್ತಿದ್ದೆ. ಮೀಟರ್ ಯಾರ ಹೆಸರಿಗೆ ಬರೆಯಲಿ ಅಂದ. ಮೋಟಾರ್ ಟೋಪಿ ತೆಗೆದು, ಮೇಷ್ಟ್ರ ಮುಂದೆ ನಿಂತ ಹಾಗೆ ನಿಂತು ಹೇಳಿದ.

"ಅನಾಕ್ಲೇತು ದ ಲೂಜ್."

ಚಾಕು ಬೆರಳಿಗೆ ಹೋಯಿತು.

ಅವನೇ ಬಟ್ಟೆ ಹರಿದು ಕಟ್ಟಿದ. ಕಟ್ಟುತ್ತಾ, "ಆ ಹೆಸರು ನನಗೇ ಮರ್ತೋದಂಗಿತ್ತು ಕಣೇ. ಅವ್ವ ಸತ್ತ ಮೇಲೆ ಆ ಹೆಸರಲ್ಲಿ ನನ್ನ ಯಾರೂ ಕರೆದೇ ಇಲ್ಲ" ಅಂದ.

ಕರೆದಿದ್ದರು. ಮೂರು ಸಲ.

ಹಿತ್ತಲಲ್ಲಿ ಸುಮ್ಮನೆ ಕೂತಿದ್ದಾನೆ. ಹೇಳಿಬಿಡಬೇಕು. ಈಗಲೇ ಎದ್ದು ಹೋಗಿ, ಕರೆದು... ಏನಂತ ಕರೆದು —